ಜೋಡಿಯಕ್ಕ ಮತ್ತು ಗಾಜಿನೊಳಗಿನ ಬೂಟು

ಜೋಡಿಯಕ್ಕ ಯಾರನ್ನೇ ಕಂಡರೂ ಮೊದಲು ನೋಡುವುದು ಕಾಲು. ಮುಖ ಏನಿದ್ದರೂ ಆಮೇಲೆ. ಬೀದಿಯಲ್ಲಿ ಎದುರಾದವರು "ಏನಕ್ಕಾ, ಚೆನ್ನಾಗಿದೀರಾ?" ಎಂದರೆ ಅವಳ ಕಣ್ಣು ಅವರ ಹಿಮ್ಮಡಿಯಿಂದ ಹತ್ತಿಕೊಂಡು ಮೂಗಿನ ಹತ್ತಿರ ಬರುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಮದುವೆಗೆ ಮುಂಚೆ ಗಂಡನನ್ನು ಮೊದಲ ಸಲ ಕಂಡು ಬಂದಾಗ ತಾಯಿ "ಹುಡುಗ ಹೇಗಿದ್ದಾನೆ?" ಎಂದು ಕೇಳಿದ್ದಕ್ಕೆ, "ಎಡಗಾಲು ಒಂಚೂರು ಹೊರಕ್ಕೆ ತಿರುಗುತ್ತೆ, ಅದು ಬಿಟ್ಟರೆ ಒಳ್ಳೆಯವನು" ಎಂದಿದ್ದಳಂತೆ. ಬೋರ್ಡ್ ಬರೆಯುವ ಪೇಂಟರ್ ಆದ ಆ ಗಂಡ ಇವತ್ತಿಗೂ ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಾನೆ. "ನನ್ನ ಮುಖ ಹೇಗಿದೆ ಅಂತ ಇವಳಿಗೆ ಗೊತ್ತಾಗಿದ್ದು ಮದುವೆ ಫೋಟೋ ಬಂದ ಮೇಲೆ!" ಎನ್ನುತ್ತಾನೆ.

ಅವಳ ಕೆಲಸವೇ ಅಂಥದ್ದು. ದೊಡ್ಡಾಸ್ಪತ್ರೆಯ ಹಿಂದೆ, ಬಟ್ಟೆ ಒಣಹಾಕುವ ಅಂಗಳಕ್ಕೂ ಆಂಬುಲೆನ್ಸ್ ಶೆಡ್ಡಿಗೂ ನಡುವೆ, ತಗಡಿನ ಮಾಡಿನ ಒಂದು ಉದ್ದನೆ ಕೋಣೆ ಇದೆ. ಒಳಗೆ ಹೋದರೆ ಅಂಟಿನ ವಾಸನೆ, ಚರ್ಮದ ವಾಸನೆ, ಸ್ಟವ್ ಮೇಲೆ ಕುದಿದು ಕಪ್ಪಾದ ಟೀ ವಾಸನೆ. ಗೋಡೆಯ ತುಂಬ ಕಟ್ಟಿಗೆಯ ಕಾಲುಗಳು. ಅವು ಅಚ್ಚುಗಳು. ಒಬ್ಬೊಬ್ಬರ ಪಾದಕ್ಕೆ ಒಂದೊಂದು ಅಚ್ಚು ಕೆತ್ತಿ, ಅದರ ಮೇಲೆ ಚರ್ಮ ಎಳೆದು, ಮೊಳೆ ಹೊಡೆದು, ಹೊಲಿದು ಬೂಟು ಮಾಡುವುದು ಅಲ್ಲಿಯ ಕೆಲಸ. ಒಂದು ಕಾಲು ಗಿಡ್ಡ ಇರುವವರು, ಸಕ್ಕರೆ ಕಾಯಿಲೆಗೆ ಬೆರಳು ಕಳೆದುಕೊಂಡವರು, ಅಪಘಾತದಲ್ಲಿ ಪಾದ ಮುರಿದು ಸೊಟ್ಟಗೆ ಕೂಡಿಕೊಂಡವರು, ಇವರಿಗೆಲ್ಲ ಅಂಗಡಿಯ ಬೂಟು ಆಗಿಬರುವುದಿಲ್ಲ. ಅವರೆಲ್ಲ ಬರುವುದು ಜೋಡಿಯಕ್ಕನ ಹತ್ತಿರ.

ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಜೋಡಿಯಕ್ಕ. ಯಾಕೆಂದರೆ ಅವಳ ಕೋಣೆಯಿಂದ ಒಂಟಿ ಬೂಟು ಹೊರಗೆ ಹೋಗುತ್ತಿರಲಿಲ್ಲ. ಒಂದೇ ಕಾಲಿರುವವರು ಬಂದರೂ ಎರಡು ಬೂಟು ಮಾಡಿಕೊಡುತ್ತಿದ್ದಳು. ಹೊಸದಾಗಿ ಬಂದ ಡಾಕ್ಟರೊಬ್ಬರು "ಇನ್ನೊಂದು ಯಾಕಮ್ಮ, ಚರ್ಮ ದಂಡ ಅಲ್ವಾ?" ಎಂದು ಕೇಳಿದ್ದರು. "ನೀವು ಕನ್ನಡಕ ಮಾಡಿಸುವಾಗ ಒಂದೇ ಗಾಜು ಹಾಕಿಸ್ತೀರಾ ಸಾರ್, ಒಂದು ಕಣ್ಣು ಚೆನ್ನಾಗಿದ್ರೆ?" ಎಂದು ಕೇಳಿ ರಂಪಿಗೆ ಎತ್ತಿಕೊಂಡು ಚರ್ಮ ಕತ್ತರಿಸತೊಡಗಿದಳು.

ಆದರೆ ಕಾರಣ ಬೇರೆ ಇತ್ತು. ಅವಳ ಅಪ್ಪ ಕಲ್ಲು ಒಡೆಯುವವನು. ಬಂಡೆ ಉರುಳಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಇದೇ ಆಸ್ಪತ್ರೆಯವರು ಉಳಿದ ಕಾಲಿಗೆ ಗಟ್ಟಿಮುಟ್ಟಾದ ಒಂದು ಬೂಟು ಮಾಡಿಕೊಟ್ಟರು. ಒಳ್ಳೆಯ ಬೂಟೇ, ಏನೂ ಹೇಳುವ ಹಾಗಿಲ್ಲ. ಆದರೆ ಮನೆಗೆ ಯಾರಾದರೂ ಬರುತ್ತಾರೆಂದರೆ ಅಪ್ಪ ತೆವಳಿಕೊಂಡು ಹೋಗಿ ಬಾಗಿಲ ಹತ್ತಿರ ಒಂಟಿಯಾಗಿ ನಿಂತ ಆ ಬೂಟನ್ನು ಮಂಚದ ಕೆಳಗೆ ತಳ್ಳಿಬಿಡುತ್ತಿದ್ದ. ಕಾಲಿಲ್ಲದ್ದನ್ನು ನಾಲ್ಕು ಜನ ನೋಡಿದರೆ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಒಂಟಿ ಬೂಟನ್ನು ನೋಡಿದರೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಹನ್ನೆರಡು ವರ್ಷದ ಮಗಳು ಅದನ್ನು ನೋಡಿ ನೋಡಿ ಬೆಳೆದಳು. ಆಸ್ಪತ್ರೆಯ ಹಳೆಯ ಮೇಸ್ತ್ರಿಯ ಹತ್ತಿರ ಹಠ ಹಿಡಿದು ಕೆಲಸ ಕಲಿತಳು. ಅವಳ ಕೈಯಿಂದ ಮೊದಲು ಹೊರಬಂದದ್ದು ಅಪ್ಪನ ಇನ್ನೊಂದು ಬೂಟು. ಹೊಲಿಗೆ ಹಾವು ಹರಿದ ಹಾಗಿತ್ತು, ಹಿಮ್ಮಡಿ ಓರೆಯಾಗಿತ್ತು. ಅಪ್ಪ ಅದನ್ನು ಬಾಗಿಲ ಹತ್ತಿರ ಮೊದಲನೆಯದರ ಪಕ್ಕ ಇಟ್ಟ. ಮತ್ತೆಂದೂ ಮಂಚದ ಕೆಳಗೆ ತಳ್ಳಲಿಲ್ಲ.

ಇರಲಿ, ಈಗ ಒಂದು ಕಂಪನಿಯ ವಿಷಯಕ್ಕೆ ಬರೋಣ.

ಆ ಕಂಪನಿ ಮಾಡುವುದೂ ಬೂಟೇ. ಜೊತೆಗೆ ಚೀಲ, ಬೆಲ್ಟು. ಆದರೆ ಅವರ ಬೂಟಿನ ಬೆಲೆ ಕೇಳಿದರೆ ನಮ್ಮ ನಿಮ್ಮಂಥವರು ಬರಿಗಾಲಲ್ಲೇ ಓಡಬೇಕು. ನಗರದ ಅಗಲ ರಸ್ತೆಯಲ್ಲಿ ಅವರದೊಂದು ಅಂಗಡಿ. ಒಳಗೆ ಸಾಮಾನು ಕಡಿಮೆ, ಬೆಳಕು ಜಾಸ್ತಿ. ಅಂಥ ಕಂಪನಿಗೆ ಬಡವರಿಗೆ ಏನಾದರೂ ಮಾಡಬೇಕು ಎನಿಸಿತು. ಅದಕ್ಕೆಂದೇ ಒಂದು ಫೌಂಡೇಶನ್ ಕಟ್ಟಿದರು. ಫೌಂಡೇಶನ್ನಿಂದ ಒಬ್ಬಳು ಹುಡುಗಿ ಆಸ್ಪತ್ರೆಗೆ ಬಂದಳು. ಕೆದರಿದ ಕೂದಲು, ಹೆಗಲಿಗೊಂದು ದೊಡ್ಡ ಚೀಲ, ಕೇಳಿದ್ದನ್ನೇ ಕೇಳುವ ಚಟ. ಜೋಡಿಯಕ್ಕ ವಾಡಿಕೆಯಂತೆ ಅವಳ ಕಾಲು ನೋಡಿದಳು. ಕಂಪನಿಯ ಬೂಟಲ್ಲ, ಸವೆದ ಕ್ಯಾನ್ವಾಸ್ ಬೂಟು. ಹುಡುಗಿ ಆಗಲೇ ಅರ್ಧ ಇಷ್ಟವಾಗಿಬಿಟ್ಟಳು.

"ನಿಮಗೆ ಏನೇನು ಬೇಕು ಹೇಳಿ ಅಕ್ಕ."

"ಮಾಡು ಸೋರುತ್ತೆ. ಬೂಟಿನ ಅಟ್ಟೆ ಉಜ್ಜೋ ಮೆಷಿನ್ ಸತ್ತು ಎಷ್ಟೋ ಕಾಲ ಆಯ್ತು, ಕೈಯಲ್ಲೇ ಉಜ್ಜಿ ಉಜ್ಜಿ ನನ್ನ ಹೆಗಲು ಹೋಯ್ತು. ಆಮೇಲೆ ಚರ್ಮ. ಆಸ್ಪತ್ರೆಯವರು ಕೊಡೋ ಚರ್ಮ ಹಲಗೆ ಥರ ಇರುತ್ತೆ. ಹುಣ್ಣಾದ ಕಾಲಿಗೆ ಹಲಗೆ ಕಟ್ಟೋಕಾಗುತ್ತಾ?"

ಚರ್ಮ ಮೊದಲು ಬಂತು. ಸುರುಳಿ ಬಿಚ್ಚಿದಾಗ ಜೋಡಿಯಕ್ಕ ಕೈ ತೊಳೆದುಕೊಂಡು ಬಂದು ಮುಟ್ಟಿದಳು. ಆ ಮೃದು, ಆ ಬಿಗಿ, ಮಡಚಿದರೆ ಗೆರೆ ಬೀಳದ ಆ ಮೈ! ಇಷ್ಟು ವರ್ಷದಲ್ಲಿ ಅಂಥದ್ದನ್ನು ಅವಳು ಕಂಡಿರಲಿಲ್ಲ. ಸಂಜೆ ಮನೆಗೆ ಹೋಗಿ ಗಂಡನಿಗೆ ಅದರ ವರ್ಣನೆ ಮಾಡಿದ್ದೇ ಮಾಡಿದ್ದು. "ನನ್ನ ಬಗ್ಗೆ ಒಂದು ದಿನ ಹೀಗೆ ಹೇಳಿದ್ಯಾ?" ಎಂದು ಅವನು ಮೂತಿ ಉಬ್ಬಿಸಿದ.

ಆ ಚರ್ಮದಲ್ಲಿ ಅವಳು ಮೊದಲು ಮಾಡಿದ್ದು ಕಂಡಕ್ಟರಮ್ಮನ ಬೂಟು.

ಕಂಡಕ್ಟರಮ್ಮ ಎಂದರೆ ಸಿಟಿ ಬಸ್ಸಿನ ಕಂಡಕ್ಟರು. ಅವಳ ಗಂಟಲು ಕೇಳಿದರೆ ನಿದ್ದೆ ಹೋದ ಡ್ರೈವರೂ ಎದ್ದು ಕೂರಬೇಕು. ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಕಾರೊಂದು ಬಂದು ಗುದ್ದಿತು. ಬಲಗಾಲಿನ ಎಲುಬು ನುಚ್ಚುನೂರು. ಆಪರೇಷನ್ ಮೇಲೆ ಆಪರೇಷನ್ ಆಗಿ, ಕೊನೆಗೆ ಕಾಲು ಉಳಿಯಿತು, ಆದರೆ ಎರಡು ಬೆರಳಿನಷ್ಟು ಗಿಡ್ಡವಾಯಿತು. ಡಿಪೋದವರು ನಡಿಗೆ ಪರೀಕ್ಷೆ ಇಟ್ಟರು. ಊರುಗೋಲಿಲ್ಲದೆ ಬಸ್ಸು ಹತ್ತಬೇಕು, ಓಡುವ ಬಸ್ಸಿನಲ್ಲಿ ಹಿಂದಿನಿಂದ ಮುಂದಿನ ತನಕ ಹೋಗಿ ಬರಬೇಕು, ಇಳಿಯಬೇಕು. ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಿದ್ದಳು. ಇನ್ನು ಆಗುವುದಿಲ್ಲ ಎಂದಿದ್ದರು. ಸೋಮವಾರ ಬೆಳಿಗ್ಗೆ ಬರದಿದ್ದರೆ, ಅಥವಾ ಬಂದು ಎಡವಿದರೆ, ಕೆಲಸ ಹೋಯಿತು. ಮನೆಯಲ್ಲಿ ಅವಳೊಬ್ಬಳೇ ದುಡಿಯುವವಳು. ಅದಕ್ಕಿಂತ ಹೆಚ್ಚಾಗಿ, ಬಸ್ಸಿಲ್ಲದೆ ಅವಳಿಗೆ ಉಸಿರು ಕಟ್ಟುತ್ತಿತ್ತು. "ಮನೇಲಿ ಕೂತು ಯಾರಿಗೆ ಅಂತ ಬೈಯಲಿ ಅಕ್ಕ? ಗೋಡೆಗಾ?" ಎನ್ನುತ್ತಿದ್ದಳು.

ಜೋಡಿಯಕ್ಕ ಆ ಬೂಟಿಗೆ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದಳು. ಗಿಡ್ಡ ಕಾಲಿನ ಬೂಟಿಗೆ ಕೆಳಗಿನಿಂದ ಅಟ್ಟೆ ಏರಿಸಿದರೆ ದೂರದಿಂದಲೇ ಗೊತ್ತಾಗುತ್ತದೆ. ಅದಕ್ಕೆ ಬಲಗಾಲಿನ ಬೂಟಿನ ಒಳಗೇ ಹಗುರ ಕಾರ್ಕಿನ ಪದರ ಕೂರಿಸಿದಳು. ಅದು ಮುಚ್ಚಿಹೋಗಲೆಂದು ಬೂಟನ್ನು ಕಣಕಾಲಿನ ಮೇಲಕ್ಕೆ ಎತ್ತರಿಸಿದಳು. ಎಡಗಾಲಿನ ಬೂಟನ್ನೂ ಅಷ್ಟೇ ಎತ್ತರಕ್ಕೆ ತಂದು, ತೂಕವನ್ನೂ ಸರಿದೂಗಿಸಿದಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಗಿಡ್ಡ ಕಾಲಿನದು ಎಂದು ಹೇಳುವುದು ಕಷ್ಟ. ಕಪ್ಪು ಚರ್ಮ, ಸಣ್ಣ ಹೊಲಿಗೆ, ಕನ್ನಡಿಯಂಥ ಮೈ. ಕಂಡಕ್ಟರಮ್ಮ ಹಾಕಿಕೊಂಡು ಕೋಣೆಯೊಳಗೆ ಎರಡು ಸುತ್ತು ಹೊಡೆದು, ಕಣ್ಣಲ್ಲಿ ನೀರು ತಂದುಕೊಂಡು, "ಅಕ್ಕಾ, ನಿನ್ನ ಕೈಗೆ ಚಿನ್ನದ ಬಳೆ ಹಾಕಿಸ್ತೀನಿ" ಎಂದಳು. "ಮೊದಲು ಪಾಸಾಗು, ಬಳೆ ಆಮೇಲೆ" ಎಂದಳು ಜೋಡಿಯಕ್ಕ. ಒಂದೆರಡು ಕಡೆ ಬಿಗಿಯಿತ್ತು. ಸಡಿಲಿಸಲು ಬೂಟು ಕೋಣೆಯಲ್ಲೇ ಉಳಿಯಿತು.

ಸಡಿಲಿಸಿ ಮುಗಿಯುವ ಹೊತ್ತಿಗೆ ಫೌಂಡೇಶನ್ ಹುಡುಗಿ ಬಂದಳು. ಅಂಗಡಿಯಲ್ಲಿ ಸಮಾರಂಭ, ಕಂಪನಿಯ ದೊಡ್ಡ ಯಜಮಾನರೇ ಬರುತ್ತಾರೆ, ಆಸ್ಪತ್ರೆಗೆ ಮೆಷಿನ್ನೂ ಹೊಸ ಮಾಡೂ ಕೊಡುವುದನ್ನು ಅಲ್ಲೇ ಸಾರುತ್ತಾರೆ, ತೋರಿಸಲು ಒಂದು ಜೊತೆ ಬೂಟು ಬೇಕು. ಶುಕ್ರವಾರ ಸಮಾರಂಭ, ಶನಿವಾರ ವಾಪಸ್ಸು. ಜೋಡಿಯಕ್ಕ ಕಂಡಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದಳು. "ನನ್ನ ಬೂಟು ಅಲ್ಲಿ ನಿಲ್ಲುತ್ತಾ? ಅಯ್ಯೋ, ಬೇಕಾದ್ರೆ ನಾನೇ ಹೋಗಿ ನಿಂತ್ಕೋತೀನಿ!" ಎಂದು ಅವಳು ನಕ್ಕಳು. ಜೋಡಿಯಕ್ಕನಿಗೂ ಒಳಗೊಳಗೇ ಜಂಭ. ತನ್ನ ಹೊಲಿಗೆಯನ್ನು ಆ ಅಗಲ ರಸ್ತೆಯ ಜನ ನೋಡಲಿ! ಡಬ್ಬಿಯಲ್ಲಿ ಹತ್ತಿ ಹಾಸಿ ಎರಡನ್ನೂ ಮಲಗಿಸಿ ಕಳಿಸಿದಳು.

ಮಾರನೆಯ ದಿನ ಕಂಪನಿಯ ವ್ಯಾನಿನಲ್ಲಿ ಡಬ್ಬಿ ವಾಪಸ್ಸು ಬಂತು. ಜೊತೆಗೆ ಒಂದು ಹೂಗುಚ್ಛ. ಇಷ್ಟು ಬೇಗ ಯಾಕಪ್ಪಾ ಎಂದು ಮುಚ್ಚಳ ತೆಗೆದರೆ ಒಳಗೆ ಎಡಗಾಲಿನ ಬೂಟೊಂದೇ ಇತ್ತು.

ಜೋಡಿಯಕ್ಕ ಹತ್ತಿಯನ್ನೆಲ್ಲ ಕಿತ್ತು ಹುಡುಕಿದಳು. ಫೋನ್ ಮಾಡಿದಳು.

ಹುಡುಗಿಗೆ ಗಾಬರಿಯೇನೂ ಇರಲಿಲ್ಲ. "ಶೋಕೇಸಿನಲ್ಲಿ ಬಲಗಾಲಿನದೊಂದೇ ಇಡೋದು ಅಕ್ಕ. ನಮ್ಮ ಎಲ್ಲಾ ಅಂಗಡಿಗಳಲ್ಲೂ ಹಾಗೇನೇ. ಅಲಂಕಾರ ಮಾಡೋರು ಇನ್ನೊಂದು ಬೇಡ ಅಂತ ಜೋಪಾನವಾಗಿ ವಾಪಸ್ ಕಳಿಸಿದಾರೆ."

ಅದು ಅವರ ಕಸುಬಿನ ಪದ್ಧತಿ. ದುಬಾರಿ ಬೂಟಿನ ಅಂಗಡಿಯಲ್ಲಿ ಯಾವಾಗಲೂ ಒಂಟಿ ಬೂಟಿಗೇ ದೀಪ ಬಿಡುತ್ತಾರೆ. ಜೊತೆಯದ್ದು ಗೋದಾಮಿನಲ್ಲಿರುತ್ತದೆ. ಇಷ್ಟು ವರ್ಷ ಬೂಟಿನ ನಡುವೆಯೇ ಬದುಕಿದ ಜೋಡಿಯಕ್ಕನಿಗೆ ಅದು ಗೊತ್ತಿರಲಿಲ್ಲ. ಹುಡುಗಿಗೂ ಒಂಟಿ ಬೂಟಿನ ಹಿಂದೆ ಇಂಥದ್ದೊಂದು ಕಥೆ ಇರಬಹುದೆಂದು ಹೊಳೆದಿರಲಿಲ್ಲ. ಜೋಡಿಯಕ್ಕ ಶನಿವಾರ ತನಕ ಹಲ್ಲು ಕಚ್ಚಿ ಕಾಯೋಣ ಎಂದುಕೊಂಡಳು. ಆದರೆ ಶುಕ್ರವಾರ ಮಧ್ಯಾಹ್ನ ಹುಡುಗಿಯ ಫೋನ್ ಬಂತು. ದೊಡ್ಡ ಯಜಮಾನರ ವಿಮಾನ ತಡ, ಸಮಾರಂಭ ಭಾನುವಾರ ಸಂಜೆಗೆ ಹೋಗಿದೆ. ಗಾಜಿನ ಪೆಟ್ಟಿಗೆಗೆ ಬೀಗ ಹಾಕಿ ಆಗಿದೆ. ಅಲಂಕಾರದವರು ಬಂದು ಬಿಚ್ಚುವುದು ಸೋಮವಾರ ಮಧ್ಯಾಹ್ನ.

"ಸೋಮವಾರ ಬೆಳಿಗ್ಗೆ ಪರೀಕ್ಷೆ ಕಣೇ ಹುಡುಗಿ!"

"ಅಕ್ಕ, ಅಷ್ಟರಲ್ಲಿ ಇನ್ನೊಂದು ಮಾಡೋಕಾಗಲ್ವಾ?"

"ಚರ್ಮ ಅಚ್ಚಿನ ಮೇಲೆ ಕೂತು ಆರಬೇಕು. ಅವಸರ ಮಾಡಿದ್ರೆ ಬಸ್ಸಿನ ಮೆಟ್ಟಿಲ ಮೇಲೇ ಬಾಯಿ ಬಿಡುತ್ತೆ. ಬಿದ್ರೆ ಅವಳ ಕಾಲು ಮತ್ತೆ ಮುರಿಯುತ್ತೆ, ಮುರಿದ್ರೆ ಯಾರು ಕೊಡ್ತೀರಾ, ನೀನಾ, ನಿನ್ನ ಯಜಮಾನ್ರಾ?"

ಹುಡುಗಿ ಅತ್ತಳು. ಜೋಡಿಯಕ್ಕನಿಗೆ ಅಯ್ಯೋ ಪಾಪ ಎನಿಸಿತು, ಆದರೆ ಬೂಟು ಬರಲಿಲ್ಲವಲ್ಲ. ನೇರ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಕೆಟ್ಟವರಲ್ಲ. ಹತ್ತು ಕಡೆ ಕೈ ಚಾಚಿ ಚಾಚಿ ಬೆನ್ನು ಬಾಗಿದ ಮನುಷ್ಯ. ಅವಳ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಮೆಷಿನ್ ಬರುತ್ತೆ, ಮಾಡು ಬರುತ್ತೆ, ಪ್ರತಿ ವರ್ಷ ಚರ್ಮ ಬರುತ್ತೆ. ಎಷ್ಟು ಕಾಲಿಗೆ ಬೂಟಾಗುತ್ತೆ ಯೋಚನೆ ಮಾಡು. ಒಂದು ಸಂಜೆ ಬಾಯಿಗೆ ಬೀಗ ಹಾಕ್ಕೊಂಡು ಇದ್ದುಬಿಡು. ದೊಡ್ಡವರ ಮುಂದೆ ರಂಪ ಮಾಡಿ ಎಲ್ಲಾ ಕೆಡಿಸಬೇಡ. ಡಿಪೋಗೆ ನಾನೇ ಒಂದು ಮಾತು ಹೇಳ್ತೀನಿ."

ಹೇಳಿದರು ಕೂಡ, ಅವಳ ಎದುರಿಗೇ ಫೋನ್ ಮಾಡಿ. ಡಿಪೋದವರು ಸೊಪ್ಪು ಹಾಕಲಿಲ್ಲ. ಸಾಹೇಬರು ಫೋನ್ ಕೆಳಗಿಟ್ಟು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಜೋಡಿಯಕ್ಕ ಎದ್ದು ಬಂದಳು.

ಸಾಹೇಬರ ಲೆಕ್ಕ ತಪ್ಪು ಎಂದು ಅವಳಿಗೆ ಅನಿಸಿರಲಿಲ್ಲ. ಆ ಎರಡು ದಿನ ಅದೇ ಅವಳನ್ನು ಕೊರೆದದ್ದು. ಸೋರುವ ಮಾಡಿನ ಕೆಳಗೆ ಬಕೆಟ್ಟು ಇಟ್ಟುಕೊಂಡು, ನೋಯುವ ಹೆಗಲಲ್ಲಿ ಅಟ್ಟೆ ಉಜ್ಜುತ್ತ, ಬೂಟಿಗೆ ಕಾಯುವವರ ಮುಖಗಳನ್ನು ನೆನೆಸಿಕೊಂಡಳು. ಒಬ್ಬಳಿಗಾಗಿ ಇವರಿಗೆಲ್ಲ ಅಡ್ಡಗಾಲು ಹಾಕಲೇ? ಶನಿವಾರ ಊಟಕ್ಕೆ ಕೂತವಳು ಅನ್ನದಲ್ಲಿ ಕೈ ಆಡಿಸುತ್ತಲೇ ಇದ್ದಳು, ತುತ್ತು ಬಾಯಿಗೆ ಹೋಗಲಿಲ್ಲ.

ಗಂಡ ನೋಡಿದ. "ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

"ಅಪ್ಪ ಏನೂ ಅಂತಿರಲಿಲ್ಲ. ಮಂಚದ ಕೆಳಗೆ ತಳ್ಳಿಬಿಡ್ತಿದ್ದ."

ಹಾಗೆಂದವಳೇ ತಟ್ಟೆಯಿಂದ ತಲೆ ಎತ್ತಿದಳು. ಮುಖ ತಿಳಿಯಾಗಿತ್ತು. "ಇನ್ನೊಂಚೂರು ಸಾರು ಹಾಕಿ" ಎಂದಳು. ಇನ್ನು ಇವಳನ್ನು ತಡೆಯುವವರು ಯಾರೂ ಇಲ್ಲ ಎಂದು ಗಂಡನಿಗೆ ಗೊತ್ತಾಗಿ, ಎದ್ದು ಬಡಿಸಿದ.

ಭಾನುವಾರ ಸಂಜೆ ಅಗಲ ರಸ್ತೆಯ ಅಂಗಡಿಯ ಮುಂದೆ ಟ್ಯಾಕ್ಸಿಯೊಂದು ನಿಂತಿತು. ಜೋಡಿಯಕ್ಕ ಇಳಿದಳು, ಕೈಯಲ್ಲಿ ಬಟ್ಟೆಯ ಚೀಲ. ಅವಳ ಹಿಂದೆ ಊರುಗೋಲು ಊರಿಕೊಂಡು ಕಂಡಕ್ಟರಮ್ಮ. ಕಂಡಕ್ಟರಮ್ಮ ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬಂದಿದ್ದಳು. ಬಾಗಿಲಲ್ಲಿದ್ದ ಕಾವಲುಗಾರ ಜೋಡಿಯಕ್ಕನ ಆಹ್ವಾನ ಪತ್ರಿಕೆ ನೋಡಿ ತಲೆಯಾಡಿಸಿದ. ಕಂಡಕ್ಟರಮ್ಮನಿಗೆ ಕೈ ಅಡ್ಡ ಹಿಡಿದ.

"ಇವರು ಯಾರು?"

"ಒಳಗೆ ಗಾಜಿನ ಪೆಟ್ಟಿಗೇಲಿ ಒಂದು ಬೂಟು ಇಟ್ಟಿದೀರಲ್ಲ," ಎಂದಳು ಜೋಡಿಯಕ್ಕ, "ಇವರು ಅದರ ಕಾಲು."

ಕಾವಲುಗಾರ ಇಬ್ಬರನ್ನೂ ನೋಡಿದ. ಕಂಡಕ್ಟರಮ್ಮ ಅವನನ್ನು ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವ ಹಾಗೆ ನೋಡಿದಳು. ಕೈ ತಾನಾಗಿಯೇ ಕೆಳಗಿಳಿಯಿತು.

ಒಳಗೆ ಜಾರುವಷ್ಟು ನುಣುಪಾದ ನೆಲ, ಕಪ್ಪು ಬಟ್ಟೆ ತೊಟ್ಟ ಜನ, ತೆಳು ಗ್ಲಾಸುಗಳು, ಮೆಲ್ಲಗಿನ ಮಾತು. ನಟ್ಟನಡುವೆ ಕಂಬದ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಕೆಂಪು ಮಖಮಲ್ಲಿನ ಮೇಲೆ ಬಲಗಾಲಿನ ಬೂಟು. ಮೇಲಿನಿಂದ ಬೆಳಕು. ಗೋಡೆಯ ಮೇಲೆ ಅದೇ ಬೂಟಿನ ಆಳೆತ್ತರದ ಚಿತ್ರ. ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಜೋಡಿಯಕ್ಕನಿಗೆ ಅದನ್ನು ನೋಡಿದರೆ ಅಪ್ಪನ ಬೂಟನ್ನೇ ಯಾರೋ ಮಂಚದ ಕೆಳಗಿನಿಂದ ಎಳೆದು ತಂದು ನಾಲ್ಕು ಜನರ ನಡುವೆ ನಿಲ್ಲಿಸಿದ ಹಾಗಿತ್ತು.

ಸೂಪರಿಂಟೆಂಡೆಂಟ್ ಸಾಹೇಬರು ದೂರದಿಂದ ಇವರಿಬ್ಬರನ್ನೂ ಕಂಡರು. ಕೈಯಲ್ಲೇ 'ಬೇಡ, ಬೇಡ' ಎಂದರು. ಅಷ್ಟರಲ್ಲಿ ದೊಡ್ಡ ಯಜಮಾನರು ಮೈಕಿನ ಮುಂದೆ ನಿಂತಾಗಿತ್ತು. ಬಿಳಿ ಕೂದಲಿನ, ತೆಳ್ಳನೆ ಮನುಷ್ಯ, ಮಾತು ಮೃದು. ಈ ಬೂಟಿನ ಹೊಲಿಗೆ ನೋಡಿ ತಮಗೆ ಎಷ್ಟು ಸಂತೋಷವಾಯಿತು ಎಂದು ಹೇಳಿದರು. ಆಸ್ಪತ್ರೆಗೆ ಕೊಡುವುದನ್ನೆಲ್ಲ ಸಾರಿದರು. ಜನ ಚಪ್ಪಾಳೆ ತಟ್ಟಿದರು. "ಇದನ್ನು ಮಾಡಿದವರೇ ಇಲ್ಲಿದ್ದಾರೆ. ಎರಡು ಮಾತಾಡಲಿ" ಎಂದು ಅವರೇ ಕೈ ಮಾಡಿ ಕರೆದರು.

ಜೋಡಿಯಕ್ಕ ಮೈಕಿನ ಹತ್ತಿರ ಹೋದಳು. ಮೊದಲು ಯಜಮಾನರ ಕಾಲು ನೋಡಿದಳು. ಒಳ್ಳೆ ಬೂಟು. ಆಮೇಲೆ ಮುಖ ನೋಡಿದಳು.

"ಯಜಮಾನ್ರೇ, ನೀವು ಕೊಟ್ಟ ಚರ್ಮದಂಥ ಚರ್ಮ ನನ್ನ ಜೀವಮಾನದಲ್ಲಿ ಮುಟ್ಟಿರಲಿಲ್ಲ. ಉಪಕಾರ ನೆನೀತೀನಿ. ಮೆಷಿನ್ ಕೊಡ್ತೀನಿ ಅಂದ್ರಿ, ಅದೂ ಬೇಕು, ಬೇಡ ಅನ್ನೋಷ್ಟು ದೊಡ್ಡಸ್ತಿಕೆ ನನಗಿಲ್ಲ. ಆದರೆ ಈ ಬೂಟು ನಿಮಗೆ ಕೊಟ್ಟಿದ್ದಲ್ಲ, ನೋಡೋಕೆ ಕಳಿಸಿದ್ದು. ಇದರ ಯಜಮಾನಿ ಇಲ್ಲೇ ನಿಂತಿದಾಳೆ. ನಾಳೆ ಬೆಳಿಗ್ಗೆ ಇದನ್ನ ಹಾಕ್ಕೊಂಡು ನಡೆದರೆ ಅವಳ ಕೆಲಸ ಉಳಿಯುತ್ತೆ, ಇಲ್ಲದಿದ್ರೆ ಹೋಗುತ್ತೆ. ಜೊತೆಯದ್ದು ನನ್ನ ಚೀಲದಲ್ಲಿದೆ. ಗಾಜು ತೆಗೆಸಿ."

ಅಲಂಕಾರದವರಲ್ಲಿ ಒಬ್ಬ ಮುಂದೆ ಬಂದು, ಫೋಟೋದವರು ಇನ್ನೂ ಬರಬೇಕು, ಈಗ ತೆಗೆದರೆ ಎಲ್ಲ ಹಾಳು ಎಂದು ಪಿಸುಗುಟ್ಟಿದ. ಯಜಮಾನರು ಕಂಡಕ್ಟರಮ್ಮನನ್ನು ನೋಡಿದರು. ಅವರಿಗೆ ನಿಜವಾಗಿಯೂ ಮನಸ್ಸು ಕರಗಿತ್ತು. ಎರಡೂ ಕೈ ಚಾಚಿ, "ಅಮ್ಮ, ಇದರ ಬದಲು ಈ ಅಂಗಡಿಯಲ್ಲಿ ನಿಮಗೆ ಯಾವ ಜೊತೆ ಬೇಕೋ ಅದನ್ನ ತಗೊಳ್ಳಿ. ಈಗಲೇ. ನನ್ನ ಕಡೆಯಿಂದ" ಎಂದರು.

ಜನ "ಆಹಾ" ಎಂದರು. ಕಂಡಕ್ಟರಮ್ಮ ಸುತ್ತಲೂ ಕಣ್ಣಾಡಿಸಿದಳು. ಬೆಳಕಿನಲ್ಲಿ ಒಂದೊಂದಾಗಿ ನಿಂತ ಬೂಟುಗಳು. ಆಸೆಯಾಗಲಿಲ್ಲವೇ ಎಂದರೆ ಆಯಿತು, ಅವಳೇನು ಸನ್ಯಾಸಿಯೇ? ಒಂದು ಕೆಂಪು ಬೂಟಿನ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಲೆ ಅಲ್ಲಾಡಿಸಿದಳು.

"ತುಂಬಾ ಚೆನ್ನಾಗಿವೆ ಸಾರ್. ಆದ್ರೆ ನನ್ನ ಕಾಲಿಗಾಗೋದು ಇಲ್ಲಿ ಒಂದೇ ಇದೆ, ಅದಕ್ಕೇ ನೀವು ಬೀಗ ಹಾಕಿದೀರಿ."

ಯಜಮಾನರು ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಅವರು ಬಾಯಿ ತೆರೆಯುವ ಮುಂಚೆಯೇ ಬೀಗದ ಸದ್ದಾಯಿತು. ಫೌಂಡೇಶನ್ ಹುಡುಗಿ. ಯಾರ ಅಪ್ಪಣೆಗೂ ಕಾಯದೆ, ಅಲಂಕಾರದವರ ಕೀಲಿ ತಂದು ತಿರುಗಿಸಿ, ಗಾಜು ಎತ್ತಿ, ಬೂಟು ತೆಗೆದು ಜೋಡಿಯಕ್ಕನಿಗೆ ಕೊಟ್ಟಳು. "ತಗೊಳ್ಳಿ ಅಕ್ಕ" ಎಂದಳು. ನೌಕರಿ ಉಳಿಯುತ್ತದೆಯೇ ಹೋಗುತ್ತದೆಯೇ ಎಂದು ಆ ಹೊತ್ತಿಗೆ ಅವಳಿಗೂ ಗೊತ್ತಿರಲಿಲ್ಲ.

ಯಜಮಾನರು ಹುಡುಗಿಯನ್ನು ನೋಡಿದರು, ಖಾಲಿ ಪೆಟ್ಟಿಗೆ ನೋಡಿದರು, ಕೊನೆಗೆ ತಾವೇ ಮೆತ್ತನೆ ಕುರ್ಚಿಯೊಂದನ್ನು ಎಳೆದು ಕಂಡಕ್ಟರಮ್ಮನ ಹಿಂದೆ ಇಟ್ಟರು.

ಜೋಡಿಯಕ್ಕ ಆ ನುಣುಪು ನೆಲದ ಮೇಲೆ ಮಂಡಿಯೂರಿ ಕುಳಿತಳು. ಒಂದೊಂದಾಗಿ ಎರಡೂ ಬೂಟು ತೊಡಿಸಿದಳು, ದಾರ ಬಿಗಿದಳು, ಹೆಬ್ಬೆರಳಿನಿಂದ ಮುಂಭಾಗ ಒತ್ತಿ ನೋಡಿದಳು. "ಎದ್ದೇಳು" ಎಂದಳು. ಕಂಡಕ್ಟರಮ್ಮ ಎದ್ದಳು. ಊರುಗೋಲನ್ನು ಪಕ್ಕದಲ್ಲಿ ನಿಂತಿದ್ದವರ ಕೈಗೆ ಕೊಟ್ಟಳು. ಅವರು ಸೂಪರಿಂಟೆಂಡೆಂಟ್ ಸಾಹೇಬರಾಗಿದ್ದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಮುಂದೆ ಜನ ಗುಂಪುಗಟ್ಟಿ ನಿಂತಿದ್ದರು, ದಾರಿಯಿರಲಿಲ್ಲ. ಒಂದು ವರ್ಷದಿಂದ ಗಂಟಲಲ್ಲೇ ಕೂತಿದ್ದ ಮಾತು ತಾನಾಗಿ ಹೊರಗೆ ಬಂತು.

"ಮುಂದೆ ಹೋಗಿ ಮುಂದೆ ಹೋಗಿ! ಒಳಗೆ ಜಾಗ ಖಾಲಿ ಇದೆ! ಬಾಗಿಲ ಹತ್ರ ಗುಂಪು ಕಟ್ಟಬೇಡಿ ಸ್ವಾಮಿ, ದಾರಿ ಬಿಡಿ!"

ಬಿಟ್ಟರು! ಅಷ್ಟು ದೊಡ್ಡ ಮನುಷ್ಯರೆಲ್ಲ ಗ್ಲಾಸು ಹಿಡಿದುಕೊಂಡು ಮೈ ಒತ್ತಿಕೊಂಡು ಹಿಂದೆ ಸರಿದರು. ಅವಳು ಅಂಗಡಿಯ ಈ ತುದಿಯಿಂದ ಆ ತುದಿಗೆ ಹೋದಳು, ಅಲ್ಲಿಂದ ತಿರುಗಿದಳು, ಎಲ್ಲೂ ಓಲಾಡಲಿಲ್ಲ. ಬಾಗಿಲ ಹತ್ತಿರ ಬಂದು "ರೈಟ್, ರೈಟ್!" ಎಂದು ಕೂಗಿ ಸೀಟಿ ಊದಿ ಮೆಟ್ಟಿಲಿಳಿದು ಬೀದಿಗೆ ಹೋಗಿಬಿಟ್ಟಳು. ಮೊದಲು ನಕ್ಕವರು ಯಜಮಾನರೇ. ಆಮೇಲೆ ಇಡೀ ಅಂಗಡಿ ನಕ್ಕಿತು.

ಚೀಲ ಮಡಚಿಕೊಂಡು ಹೊರಟ ಜೋಡಿಯಕ್ಕನನ್ನು ಯಜಮಾನರು ನಿಲ್ಲಿಸಿದರು. "ಎಲ್ಲಾ ಸರಿಯಮ್ಮ. ಈಗ ಈ ಪೆಟ್ಟಿಗೆಯೊಳಗೆ ಏನಿಡಲಿ ನಾನು?"

"ಏನೂ ಇಡಬೇಡಿ. ಹಾಕ್ಕೊಂಡು ಹೋಗಿದಾರೆ ಅಂತ ಒಂದು ಬೋರ್ಡ್ ಬರೆಸಿಡಿ" ಎಂದಳು. ಒಂದು ಗಳಿಗೆ ತಡೆದು, "ಬೋರ್ಡ್ ಬರೆಯೋರು ಬೇಕಿದ್ರೆ ನಮ್ಮ ಮನೇಲೇ ಇದಾರೆ" ಎಂದು ಸೇರಿಸಿದಳು.

ಮೆಷಿನ್ ವಿಷಯ ಇಲ್ಲೇ ಮುಗಿಸಿಬಿಡೋಣ. ಬಂತು, ಮಾಡೂ ಬಂತು, ಸ್ವಲ್ಪ ತಡವಾಗಿ. ಹುಡುಗಿಯ ನೌಕರಿಯೂ ಉಳಿಯಿತು. ಅಚ್ಚಾಗಿಹೋದ ಕರಪತ್ರಗಳಲ್ಲಿ ಒಂಟಿ ಬೂಟಿನ ಚಿತ್ರವೇ ಉಳಿಯಿತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಅದರಲ್ಲೊಂದನ್ನು ಜೋಡಿಯಕ್ಕನ ಗಂಡ ಮನೆಗೆ ತಂದು, ಬಣ್ಣ ಕಲಸಿ, ಪಕ್ಕದಲ್ಲಿ ಎಡಗಾಲಿನ ಬೂಟು ಬರೆದು ಕೆಲಸದ ಕೋಣೆಯಲ್ಲಿ ತೂಗುಹಾಕಿದ. ಆದರೆ ಆ ಭಾನುವಾರ ರಾತ್ರಿ ಇದೆಲ್ಲ ಯಾರಿಗೆ ಗೊತ್ತಿತ್ತು? ಸಾಹೇಬರು ಮುಖ ತಿರುಗಿಸಿಕೊಂಡು ಕಾರು ಹತ್ತಿದ್ದರು, ಊರುಗೋಲು ಇನ್ನೂ ಕೈಯಲ್ಲೇ ಇತ್ತು.

ಸೋಮವಾರ ಇಡೀ ದಿನ ಕಂಡಕ್ಟರಮ್ಮನ ಸುದ್ದಿಯಿಲ್ಲ. ಜೋಡಿಯಕ್ಕ ಫೋನ್ ಮಾಡಿದರೆ ಎತ್ತುವವರಿಲ್ಲ. ಒಂದೇ ಅಟ್ಟೆಗೆ ಮೂರು ಸಲ ತಪ್ಪು ಮೊಳೆ ಹೊಡೆದಳು. ಅಂಗಡಿಯ ಪಾಲಿಶ್ ನೆಲದ ಮೇಲೆ ನಡೆಯುವುದು ಬೇರೆ, ಓಡುವ ಬಸ್ಸು ಬೇರೆ. ಎಲ್ಲಿ ಬಿಗಿಯಾಯಿತೋ, ಎಲ್ಲಿ ಕಾರ್ಕು ಜಾರಿತೋ! ರಾತ್ರಿ ಗಂಡನೂ ತಮಾಷೆ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಬಸ್ ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂತು. ಅವಳು ಕಂಬಿ ಹಿಡಿದು ಹತ್ತಿ, ಜನರ ನಡುವೆ ನುಗ್ಗಿ, ಒಂದು ಸೀಟಿನ ಬೆನ್ನಿಗೆ ಒರಗಿ ನಿಂತಳು. ತಲೆಯಲ್ಲಿ ಅದೇ ಚಿಂತೆ.

"ಟಿಕೆಟ್, ಟಿಕೆಟ್! ಯಾರ್ರೀ ಅದು ಕನಸು ಕಾಣ್ತಾ ನಿಂತಿರೋದು? ಟಿಕೆಟ್!"

ಜೋಡಿಯಕ್ಕ ತಿರುಗಿದಳು. ಕೊರಳಲ್ಲಿ ಸೀಟಿ, ಹೆಗಲಿಗೆ ಚರ್ಮದ ಚೀಲ, ಬೆವರಿದ ಹಣೆ, ಕಿವಿಯಿಂದ ಕಿವಿಗೆ ನಗು. "ನಿನ್ನೆ ಪಾಸಾದ ತಕ್ಷಣ ಡ್ಯೂಟಿ ಕೊಟ್ಬಿಟ್ರು ಅಕ್ಕ, ಫೋನ್ ಲಾಕರಿನಲ್ಲೇ ಉಳೀತು. ಹೇಳೋಕೆ ಬಿಡುವೇ ಆಗಲಿಲ್ಲ."

"ಪಾಸಾ?"

"ಪಾಸು! ನೀನು ಟಿಕೆಟ್ ತಗೋ ಮೊದಲು. ಯಾರಾದ್ರೇನು, ಡ್ಯೂಟಿ ಡ್ಯೂಟಿನೇ."

ಜೋಡಿಯಕ್ಕ ನಗುತ್ತ, ಅಳುತ್ತ, ಚೀಲದಲ್ಲಿ ಚಿಲ್ಲರೆ ಹುಡುಕಿ ಕೊಟ್ಟಳು. ಬಸ್ಸು ತಿರುವಿನಲ್ಲಿ ವಾಲಿತು. ನಿಂತವರೆಲ್ಲ ಕಂಬಿ ಹಿಡಿದುಕೊಂಡರು. ಕಂಡಕ್ಟರಮ್ಮ ಯಾವುದನ್ನೂ ಹಿಡಿಯದೆ ಟಿಕೆಟ್ ಹರಿದು ಅವಳ ಕೈಗಿಟ್ಟು, ಹಿಂದಿನವರನ್ನು ಗದರುತ್ತ ಮುಂದೆ ಹೋದಳು.

ಆಸ್ಪತ್ರೆಯ ಸ್ಟಾಪಿನಲ್ಲಿ ಜೋಡಿಯಕ್ಕ ಇಳಿದಳು. ಸೀಟಿ ಕೇಳಿಸಿತು, ಬಸ್ಸು ಹೊರಟಿತು. ಅದು ಮೂಲೆ ತಿರುಗಿ ಮರೆಯಾದ ಮೇಲೆ ಅವಳಿಗೆ ನೆನಪಾಯಿತು. ಅಷ್ಟು ಹೊತ್ತು ಕಂಡಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು. ಕಾಲು ನೋಡುವುದನ್ನೇ ಮರೆತಿದ್ದಳು.